ಅಕ್ಕನ ಹೆಸರಿನಲ್ಲಿ ಬಂದ ಹುಳ

ನೀರು ಸರಬರಾಜು ಕಚೇರಿಯಲ್ಲಿ ಅವಳದು ನಕ್ಷೆ ಬಿಡಿಸುವ ಕೆಲಸ. ಯಾವ ಬೀದಿಯಡಿ ಯಾವ ಪೈಪು ಎಲ್ಲಿ ತಿರುಗುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲಳು. ಅಕ್ಕ ಹೇಗಿದ್ದಾಳೆ ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಅಮ್ಮ ತೀರಿಕೊಂಡಾಗ ಅಕ್ಕ ಎರಡು ದಿನ ತಡವಾಗಿ ಬಂದಿದ್ದಳು. "ಈಗ್ಯಾಕೆ ಬಂದೆ?" ಎಂದು ಇವಳು ಬಾಗಿಲಲ್ಲೇ ಕೇಳಿಬಿಟ್ಟಳು. ಕೈಯಲ್ಲಿದ್ದ ಚೀಲವನ್ನೂ ಕೆಳಗಿಡದೆ ಅಕ್ಕ ಹಿಂತಿರುಗಿದಳು. ಆಮೇಲೆ ಏಳು ವರ್ಷ ಮಾತಿಲ್ಲ, ಕತೆಯಿಲ್ಲ. ಹಬೆಯಾಡುವ ಲೋಟ ಹಿಡಿದು ಒಬ್ಬಳೇ ಕೂತಾಗಲೆಲ್ಲ, ಆ ಒಂದು ಮಾತನ್ನು ನುಂಗಿಕೊಳ್ಳಬಾರದಿತ್ತೇ ಎಂದು ಇವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ಒಂದು ಸೋಮವಾರ ಬೆಳಿಗ್ಗೆ ಅಕ್ಕನ ಹೆಸರಿನಲ್ಲಿ ಇಮೇಲ್ ಬಂತು. 'ಈ ಫೋಟೋ ನೋಡು' ಎಂಬ ಒಂದೇ ಸಾಲು, ಜೊತೆಗೊಂದು ಫೈಲು. ಹಿಂದೆಮುಂದೆ ನೋಡದೆ ಒತ್ತಿದಳು. ಏನೂ ಕಾಣಲಿಲ್ಲ. ಮತ್ತೆ ಒತ್ತಿದಳು. ಮೂರನೆಯ ಸಲವೂ ಒತ್ತಿದಳು.

ಸ್ವಲ್ಪ ಹೊತ್ತಿಗೆ ಪಕ್ಕದ ಮೇಜಿನ ಗುಮಾಸ್ತ ತಲೆಯೆತ್ತಿದ. "ಏನ್ರೀ, ನನಗ್ಯಾವ ಫೋಟೋ ಕಳ್ಸಿದೀರಿ? ತೆಗೆದ್ರೆ ಏನೂ ಇಲ್ವಲ್ಲ!"

"ನಾನೇನೂ ಕಳ್ಸಿಲ್ವಲ್ಲ!"

ಮಧ್ಯಾಹ್ನದೊಳಗೆ ಇಡೀ ಕಚೇರಿಯ ಕಂಪ್ಯೂಟರುಗಳು ಕೈಯೆತ್ತಿಬಿಟ್ಟವು. ರಿಪೇರಿಯವನು ಬಂದು ಒಂದೊಂದೇ ವೈರು ಕಿತ್ತ.

"ಇದು ಹುಳ ಮೇಡಂ. ಫೈಲ್ ತೆಗೆದ ತಕ್ಷಣ ಒಳಗೆ ಸೇರ್ಕೊಳ್ಳುತ್ತೆ. ಆ ಮಷೀನಲ್ಲಿ ಯಾರ್ಯಾರ ವಿಳಾಸ ಬರ್ದಿಟ್ಟಿದ್ದೀರೋ ಅವರಿಗೆಲ್ಲ ನಿಮ್ಮ ಹೆಸರಲ್ಲೇ ತಾನಾಗಿ ಹೋಗುತ್ತೆ. ಅವ್ರು ತೆಗೆದ್ರೆ ಅವರಿಂದ ಇನ್ನಷ್ಟು ಜನಕ್ಕೆ."

"ಅಂದ್ರೆ... ಅಕ್ಕ ಕಳ್ಸಿದ್ದಲ್ವಾ?"

"ಅವರಿಗೆ ಗೊತ್ತೂ ಇರಲ್ಲ."

ಅವಳ ಮುಖ ಬಾಡಿತು. ಮೇಲಧಿಕಾರಿಯ ಬೈಗುಳವೂ ಕಿವಿಗೆ ಬೀಳಲಿಲ್ಲ. ರಿಪೇರಿಯವನು ಪೆಟ್ಟಿಗೆ ಮುಚ್ಚುವಾಗ ತಡೆದು ಕೇಳಿದಳು: "ಹಾಗಾದ್ರೆ ನನ್ನ ವಿಳಾಸ ಅವಳ ಹತ್ರ ಇನ್ನೂ ಇದೆ ಅಂತಾಯ್ತಲ್ಲ?"

"ಇರ್ಲೇಬೇಕು. ಅಳಿಸಿ ಹಾಕಿದ್ರೆ ನಿಮಗೆಲ್ಲಿಂದ ಬರುತ್ತೆ?"

ಅವಳು ಹೊರಗಿನ ಮೆಟ್ಟಿಲ ಮೇಲೆ ಕೂತು, ಬಾಯಿಪಾಠವಿದ್ದ ನಂಬರು ಒತ್ತಿದಳು.

"ಅಕ್ಕಾ, ನಾನು."

ಅಕ್ಕ ಅಂದಳು: "ನಿನ್ನ ಮೇಲ್ ಬಂತು ಕಣೆ. ನಮ್ಮನೇಲಿ ಮೊದ್ಲೇ ಅದೇ ಹುಳ. ಏನೂ ತೆಗೀಬೇಡಮ್ಮ ಅಂತ ಮಗಳು ಬಡ್ಕೊಂಡ್ಲು. ನಿನ್ನ ಹೆಸರು ನೋಡಿದ್ಮೇಲೆ ಕೈ ಎಲ್ಲಿ ಕೇಳುತ್ತೆ?"

"ನಾನು ಮೂರು ಸಲ ಒತ್ತಿದೆ ಅಕ್ಕಾ."

ಇಬ್ಬರೂ ನಕ್ಕರು. ಅಕ್ಕನ ಮಂಡಿನೋವು, ಇವಳ ಹೊಸ ಕನ್ನಡಕ, ಹೀಗೇ ಏನೇನೋ ಮಾತು. ಅಮ್ಮನ ಸುದ್ದಿ ಇಬ್ಬರೂ ಎತ್ತಲಿಲ್ಲ.

"ಒಲೆ ಮೇಲೆ ಹಾಲಿದೆ, ಫೋನ್ ಇಡ್ಲಾ?" ಎಂದಳು ಅಕ್ಕ. ಆದರೆ ಇಡಲಿಲ್ಲ. ಇವಳೂ ಇಡಲಿಲ್ಲ. ಹಾಲು ಉಕ್ಕಿ ಚುಸ್ಸೆಂದು ಒಲೆಗೆ ಬಿದ್ದದ್ದು ಫೋನಿನಲ್ಲೇ ಕೇಳಿಸಿತು.