ಎತ್ತದ ಫೋನು

ಗೃಹಮಂತ್ರಿಯ ಎಡಹುಬ್ಬನ್ನು ಸೀಳಿದ ಗಾಯದ ಗುರುತಿಗೆ ಅವಳ ರಾಜಕೀಯದಷ್ಟೇ ವಯಸ್ಸು. ಮುಷ್ಕರದ ದಿನ ನೂಲಿನ ಗಿರಣಿಯ ಗೇಟಿನಲ್ಲಿ ಪೊಲೀಸನ ಲಾಠಿ ಬಿದ್ದದ್ದು ಆ ಹುಬ್ಬಿಗೇ. ನೆಲಕ್ಕುರುಳಿದವಳನ್ನು ಬೂಟುಗಾಲುಗಳು ತುಳಿಯುವ ಮೊದಲೇ ಎಳೆದುಕೊಂಡು ಹೋದವಳು ಅವಳ ತಂಗಿ. ಎಳೆಯುವಾಗ ತಂಗಿಯ ಮುಂಗೈ ಮುರಿಯಿತು. ಅಕ್ಕನ ರಕ್ತಸಿಕ್ತ ಮುಖದ ಫೋಟೋ ಮರುದಿನ ಪತ್ರಿಕೆಯಲ್ಲಿ ಬಂತು. ಆ ಫೋಟೋ ಅವಳನ್ನು ನಗರಸಭೆಗೆ ಕಳಿಸಿತು, ಶಾಸಕಿ ಮಾಡಿತು, ಕೊನೆಗೆ ಲಾಠಿಗಳ ಖಾತೆಯನ್ನೇ ತಂದು ಕೈಗಿಟ್ಟಿತು. ಮುರಿದ ಕೈಯ ಫೋಟೋ ಯಾರಿಗೆ ಬೇಕು? ತಂಗಿ ಸೊಟ್ಟಗೆ ಕೂಡಿಕೊಂಡ ಕೈಯಲ್ಲೇ ಗಿರಣಿಯಲ್ಲಿ ಕಡಿದ ನೂಲಿಗೆ ಗಂಟು ಹಾಕುತ್ತ ಉಳಿದಳು.

ಕುರ್ಚಿ ಸಿಕ್ಕ ಮೇಲೆ ಮಂತ್ರಿ ಒಂದು ಪದ್ಧತಿ ಮಾಡಿಕೊಂಡಳು. ಜನ ಸೇರಿ ಗಲಾಟೆಯಾದರೆ ಕಮಿಷನರ್ ಅವಳಿಗೆ ಫೋನ್ ಮಾಡಬೇಕು. ಬೇಡವಾದರೆ ಅವಳು ಎತ್ತಿ 'ಬೇಡ' ಅನ್ನುತ್ತಾಳೆ. ಎತ್ತದಿದ್ದರೆ ಹೊಡೆಯಬಹುದು. ಎಷ್ಟು ಚೊಕ್ಕ ಕೆಲಸ ನೋಡಿ! ಆಮೇಲೆ ಸದನದಲ್ಲಿ ಎದ್ದು ನಿಂತು, "ಹೊಡೀರಿ ಅಂತ ನಾನು ಯಾರಿಗೂ ಹೇಳಿಲ್ಲ" ಎಂದು ಎದೆ ತಟ್ಟಿಕೊಂಡರೆ ಅದು ಸುಳ್ಳೂ ಅಲ್ಲ. ಬಂದರಿನ ಕೂಲಿಗಳ ಬೆನ್ನುಗಳು ಹಾಗೇ ಮುರಿದವು. ವಿದ್ಯಾರ್ಥಿಯೊಬ್ಬನ ಕಣ್ಣು ಹಾಗೇ ಹೋಯಿತು. ಮೇಜಿನ ಮೇಲೆ ಫೋನು ಗುರ್‌ಗುಟ್ಟುತ್ತಿದ್ದರೆ ಈ ಪುಣ್ಯಾತ್ಗಿತ್ತಿ ಕಾಫಿ ಆರಿಸಿಕೊಂಡು ಕುಡಿಯುತ್ತಿದ್ದಳು.

ಈಗ ಮತ್ತೆ ಅದೇ ಗೇಟು. ಬಾಯ್ಲರ್ ಸಿಡಿದು ಇಬ್ಬರು ಹೆಂಗಸರು ಬೆಂದುಹೋಗಿದ್ದರು. ಹೆಣಗಳನ್ನು ಗೇಟಿನಲ್ಲಿಟ್ಟುಕೊಂಡು ಕೂತವರ ಮುಂದಾಳು ತಂಗಿಯೇ.

"ಮೇಡಂ, ನಿಮ್ಮ ತಂಗಿನೇ ಮುಂದೆ ಕೂತಿದಾರೆ," ಎಂದ ಕಮಿಷನರ್ ಬೆಳಗ್ಗೆ.

"ಕೈ ಮಾಡೋ ಮುಂಚೆ ಫೋನ್ ಮಾಡಿ."

"ಎಂದಿನ ಹಾಗೇನಾ?"

"ಎಂದಿನ ಹಾಗೇ."

ಈ ಸಲ ಎತ್ತಿ 'ಬೇಡ' ಅನ್ನಬೇಕೆಂದೇ ಅವಳ ಮನಸ್ಸು. ಅದನ್ನು ಆಗಲೇ ಬಾಯಿಬಿಟ್ಟು ಹೇಳಲು ಮಾತ್ರ ನಾಲಿಗೆ ಏಳಲಿಲ್ಲ. ತಂಗಿ ಅಂದಕೂಡಲೆ ಮೆತ್ತಗಾದಳು ಎಂದು ಪಕ್ಷದವರು ಆಡಿಕೊಂಡಾರಲ್ಲ! ತಂಗಿಯನ್ನು ತಾನೇ ಎಬ್ಬಿಸಿಕೊಂಡು ಬಂದರಾಯಿತು ಎಂದು ಗನ್‌ಮ್ಯಾನನ್ನೂ ಬಿಟ್ಟು ಹೊರಟಳು. ಕಾರನ್ನು ಹಿಂದಿನ ಓಣಿಯಲ್ಲಿ ನಿಲ್ಲಿಸಿ, ಗುರುತು ಸಿಗದಂತೆ ತಲೆಗೆ ಬಟ್ಟೆ ಸುತ್ತಿಕೊಂಡು ಜನರೊಳಗೆ ನುಗ್ಗಿದಳು. ಕೈಚೀಲ ಸೀಟಿನ ಮೇಲೇ ಉಳಿಯಿತು. ಫೋನು ಅದರೊಳಗೇ ಇತ್ತು. ಮೇಡಂ ಫೋನು ಮುಟ್ಟುವ ಧೈರ್ಯ ಡ್ರೈವರನಿಗೆ ಎಲ್ಲಿಂದ ಬರಬೇಕು?

ತಂಗಿ ಹೆಣಗಳ ಮೇಲಿನ ನೊಣ ಓಡಿಸುತ್ತಿದ್ದಳು. ತಲೆಗೂದಲಿನಲ್ಲಿ ಇನ್ನೂ ಹತ್ತಿಯ ಎಳೆಗಳಿದ್ದವು.

"ಏಳೇ, ಮನೆಗೆ ನಡಿ."

"ಇವರನ್ನ ಯಾರ ಕೈಲಿ ಬಿಟ್ಟು ಬರ್ಲಿ ಅಕ್ಕ? ನಿನ್ನ ಪೊಲೀಸರ ಕೈಲಾ?"

"ಅವರು ಹೊಡೆಯಲ್ಲ. ನಾನು ಹೇಳದೇನೆ ಹೊಡೆಯಲ್ಲ."

"ಬಂದರಿನಲ್ಲಿ ನೀನು ಹೇಳಿದ್ಯಾ?"

ಅಕ್ಕ ಅವಳ ರಟ್ಟೆ ಹಿಡಿದು ಎಬ್ಬಿಸಲು ನೋಡಿದಳು. ಅಷ್ಟರಲ್ಲಿ ಹಿಂದಿನಿಂದ ಯಾರೋ ಕಲ್ಲು ಬೀಸಿದರು. ಕಾನ್‌ಸ್ಟೇಬಲ್ ಒಬ್ಬನ ತಲೆ ಒಡೆಯಿತು. ಅವಳು ತಲೆ ಎತ್ತಿದರೆ, ಆಚೆ ಕಮಿಷನರ್ ಫೋನನ್ನು ಕಿವಿಗೆ ಹಿಡಿದು ನಿಂತಿದ್ದಾನೆ. ಅವಳ ಕೈ ತಾನಾಗಿ ಸೊಂಟ ತಡವಿತು. ಚೀಲವಿಲ್ಲ. ಫೋನು ಕಾರಿನಲ್ಲೇ.

ಕಮಿಷನರ್ ಮತ್ತೊಮ್ಮೆ ಪ್ರಯತ್ನಿಸಿದ. ಆಮೇಲೆ ಫೋನನ್ನು ಜೇಬಿಗಿಳಿಸಿ, ಲಾಠಿ ಹಿಡಿದು ನಿಂತವರಿಗೆ ಹೂಂ ಎಂದು ತಲೆಯಾಡಿಸಿದ.

"ಬೇಡ! ಬೇಡ ಕಣ್ರೋ!" ಅವಳು ಕೂಗುತ್ತ ಎದುರಿಗೇ ಓಡಿದಳು. ತಲೆಗೆ ಬಟ್ಟೆ ಸುತ್ತಿದ ಯಾವಳೋ ಒಬ್ಬಳು ಮೈಮೇಲೆ ಬರುತ್ತಿದ್ದಾಳೆಂದು ಮೊದಲ ಲಾಠಿ ಅವಳ ಬಾಯಿಗೇ ಬಿತ್ತು. ಹಲ್ಲುಗಳು ಮುರಿದು ನಾಲಿಗೆಗೆ ಹೊಕ್ಕವು. ಎರಡನೆಯ ಏಟಿಗೆ ಮಂಡಿ ಒಡೆಯಿತು. ಬಿದ್ದವಳ ಪಕ್ಕೆಗೆ ಬೂಟುಗಳು ಒದೆಯುತ್ತಿದ್ದಾಗ ಯಾರೋ ಕಾಲು ಹಿಡಿದು ಎಳೆದಂತಾಯಿತು. ಎಳೆಯಲಾಗದೆ ಆ ಜೀವ ಅವಳ ಮೇಲೇ ಕವುಚಿ ಬಿತ್ತು. ಏಟುಗಳು ಅದರ ತಲೆಯ ಮೇಲೆ ಬೀಳುವ ಸದ್ದು ಕೆಳಗಿದ್ದವಳಿಗೆ ಒಂದೊಂದೂ ಕೇಳಿಸಿತು. ಬಿಸಿ ರಕ್ತ ಕುತ್ತಿಗೆಗೆ ಇಳಿಯಿತು.

ಧೂಳು ಕುಳಿತಾಗ ತಲೆಯ ಬಟ್ಟೆ ಜಾರಿತ್ತು. ಹುಬ್ಬಿನ ಗುರುತು ಕಂಡ ಕಮಿಷನರ್ ಮಂಡಿಯೂರಿದ.

"ಮೇಡಂ, ನಾನು ಫೋನ್ ಮಾಡ್ದೆ. ನೀವು ಎತ್ಲಿಲ್ಲ." ಬಗ್ಗಿ, ಸಮಾಧಾನ ಹೇಳುವವನಂತೆ ಸೇರಿಸಿದ: "ಹೆದರ್ಬೇಡಿ. ಹೊಡೀರಿ ಅಂತ ನೀವು ಹೇಳೇ ಇಲ್ಲ ಅಂತ ನಾನೇ ಸಾಕ್ಷಿ ಹೇಳ್ತೀನಿ."

ಫೋಟೋದವರು ಮುತ್ತಿಕೊಂಡರು. ಎಲ್ಲ ಕ್ಯಾಮೆರಾಗಳೂ ರಕ್ತ ಸುರಿಯುತ್ತಿದ್ದ ಮಂತ್ರಿಯ ಮುಖಕ್ಕೇ ನೆಟ್ಟಿದ್ದವು. ಅವಳು ಮೇಲೆ ಬಿದ್ದಿದ್ದ ತಂಗಿಯ ಸೊಟ್ಟ ಕೈಯನ್ನು ಹಿಡಿದು ಅವರ ಮುಂದೆ ಎತ್ತಿದಳು. ಕೈ ಆಗಲೇ ತಣ್ಣಗಾಗುತ್ತಿತ್ತು. ಇದನ್ನು ತೆಗೀರಿ, ಇವಳನ್ನು ಕೊಂದವಳು ನಾನು ಎಂದು ಹೇಳಲು ಬಾಯಿ ತೆರೆದಳು. ರಕ್ತ ಬಂತೇ ಹೊರತು ಮಾತು ಬರಲಿಲ್ಲ.