ಹುಳ ಹಣ್ಣಾದ ದಿನದ ಸನ್ಮಾನ

ಬೆಳಿಗ್ಗೆಯಿಂದ ಚಿಕ್ಕವೆಂಕಟಮ್ಮ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಸೊಸೆ ಯಾಮಿನಿಗೆ ಊರವರೆಲ್ಲ ಸೇರಿ ಸನ್ಮಾನ ಮಾಡುವ ದಿನ! ಶಾಲು, ಹಣ್ಣಿನ ಬುಟ್ಟಿ ಹಾಗಿರಲಿ, ಮುದುಕಿಗೆ ಇದ್ದದ್ದು ಒಂದೇ ಆಸೆ: ಇಡೀ ಊರು ಸೊಸೆಗೆ ಚಪ್ಪಾಳೆ ತಟ್ಟಬೇಕು, ಅದನ್ನು ಕಿವಿಯಾರೆ ಕೇಳಬೇಕು. ಯಾಮಿನಿ ಮೊದಲು ಪಂಚಾಯ್ತಿ ಚುನಾವಣೆಗೆ ನಿಂತಾಗ ಇದೇ ಊರು ನಕ್ಕಿದ್ದನ್ನೂ ಆಕೆ ಅದೇ ಕಿವಿಯಿಂದ ಕೇಳಿದ್ದಳು.

ನಗುವಂಥದ್ದೇನಿತ್ತೋ! ಮೇಲೂರಿನ ಪಕ್ಕದ ಆ ಹಳ್ಳಿಯಲ್ಲಿ ಚಾಕಿ ಕೇಂದ್ರ ತೆರೆದವಳೇ ಯಾಮಿನಿ. ರೇಷ್ಮೆ ಮೊಟ್ಟೆ ಮರಿ ಮಾಡಿಸಿ, ಎಳೆಸೊಪ್ಪು ತಿನ್ನಿಸಿ, ಹುಳುಗಳು ಸ್ವಲ್ಪ ಗಟ್ಟಿಯಾದ ಮೇಲೆ ಮನೆಮನೆಗೆ ಕೊಡುವ ಕೆಲಸ. ಪಂಚಾಯ್ತಿ ಅಧ್ಯಕ್ಷೆಯಾದ ಮೇಲೆ ಊರಿಗೆ ಶುದ್ಧ ನೀರು ತಂದಳು. ಅಧಿಕಾರಿಗಳ ತಲೆ ತಿಂದು, ಕೈ ತೋರಿಸಿದರೂ ನಿಲ್ಲದ ಬಸ್ಸನ್ನು ಶಿಡ್ಲಘಟ್ಟಕ್ಕೆ ಓದಲು ಹೋಗುವ ಹುಡುಗಿಯರಿಗಾಗಿ ನಿಲ್ಲಿಸಿದಳು. ನಕ್ಕವರ ಮಕ್ಕಳೂ ಈಗ ಅದೇ ಬಸ್ಸಿನಲ್ಲೇ ಹೋಗುತ್ತಾರೆ.

ಸಮಾರಂಭದ ಮುಂದಾಳು ಹಾಲಿನ ಡೇರಿಯ ನರಸಿಂಹಪ್ಪ. ಪಂಚಾಂಗ ನೋಡಿಸಿ ಶುಕ್ರವಾರ ಗೊತ್ತುಮಾಡಿದ್ದ. ಯಾಮಿನಿಗೆ ಕೊನೆಯವರೆಗೂ ಸುಳಿವು ಸಿಗಬಾರದೆಂದು ಎಲ್ಲರ ಬಾಯಿಗೂ ಬೀಗ ಹಾಕಿದ್ದ.

ಮಧ್ಯಾಹ್ನ ಊಟವಾದ ಮೇಲೆ ಮುದುಕಿ ಒಳ್ಳೆಯ ಸೀರೆ ಉಟ್ಟು, ಏನು ಎತ್ತ ಎಂದು ಕೇಳುತ್ತಿದ್ದ ಸೊಸೆಯನ್ನು ಎಳೆದುಕೊಂಡೇ ಶಾಲೆಯ ಬಯಲಿಗೆ ಬಂದಳು. ಶಾಮಿಯಾನ, ವೇದಿಕೆ ಎರಡೂ ಭರ್ಜರಿಯಾಗಿದ್ದವು. ಕೆಳಗೆ ಮಾತ್ರ ನರಸಿಂಹಪ್ಪ, ಮೈಕಿನವನು ಮತ್ತು ಬರೀ ಖಾಲಿ ಕುರ್ಚಿಗಳು.

“ಜನ ಎಲ್ಲಪ್ಪಾ?” ಎಂದಳು ಮುದುಕಿ.

ನರಸಿಂಹಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ. “ಏನ್ ಹೇಳ್ಲಿ ಅಕ್ಕಾ, ಭಾನುವಾರ ಹಣ್ಣಾಗ್ತವೆ ಅಂದ್ಕೊಂಡಿದ್ವಿ. ಎಲ್ಲಾರ ಮನೇಲೂ ಇವತ್ತೇ ಹುಳ ಹಣ್ಣಾಗ್ಬಿಟ್ಟವೆ!”

ಸೊಪ್ಪು ತಿನ್ನುವುದು ಬಿಟ್ಟು ಹಣ್ಣಾದ ರೇಷ್ಮೆಹುಳು ಯಾವ ಅಧ್ಯಕ್ಷೆಗೂ ಕಾಯುವುದಿಲ್ಲ. ಕೂಡಲೇ ಆರಿಸಿ ಬಿದಿರಿನ ತಟ್ಟಿಯಂಥ ಚಂದ್ರಿಕೆಗೆ ಬಿಡಬೇಕು, ಅಲ್ಲೇ ಅದು ಗೂಡು ಕಟ್ಟುವುದು. ತಡವಾದರೆ ಬೆಳೆಯೇ ಹಾಳು.

ಯಾಮಿನಿ ಹಣೆ ಚಚ್ಚಿಕೊಂಡು ನಕ್ಕಳು. “ಊರಿಗೆಲ್ಲ ಒಂದೇ ದಿನ ಮರಿ ಕೊಟ್ಟೋಳು ನಾನು. ಈ ಬಿಸಿಲಲ್ಲಿ ಭಾನುವಾರದ ತನಕ ಕಾಯ್ತವಾ ಅಣ್ಣಾ? ಪಂಚಾಂಗದ ಜೊತೆ ನನ್ನನ್ನೂ ಒಂದ್ಮಾತು ಕೇಳಬಾರದಾ?”

“ನಿನ್ನ ಕೇಳಿದ್ರೆ ಗುಟ್ಟು ಹೆಂಗಮ್ಮ ಉಳೀತದೆ?”

ಚಿಕ್ಕವೆಂಕಟಮ್ಮನಿಗೆ ಅಳುವೇ ಬಂತು. “ದೇವುಡಾ! ಇಷ್ಟು ದಿನಕ್ಕೆ ಒಂದು ಒಳ್ಳೇ ಗಳಿಗೆ ಬಂತು ಅಂದ್ರೆ, ಅದನ್ನೂ ಹುಳ ತಿಂದ್ಹಾಕ್ತಲ್ಲೇ!”

ಯಾಮಿನಿ ಆಗಲೇ ತಲೆಯೆತ್ತಿ ಶಾಮಿಯಾನ ನೋಡುತ್ತಿದ್ದಳು. ದಟ್ಟ ನೆರಳು, ನಾಲ್ಕೂ ಕಡೆಯಿಂದ ಗಾಳಿ. “ಅತ್ತೆ, ಅಳಬೇಡಿ. ಚಂದ್ರಿಕೆಗೆ ಇದಕ್ಕಿಂತ ಒಳ್ಳೇ ಜಾಗ ಬೇಕಾ? ಅಣ್ಣಾ, ಕುರ್ಚಿ ಎತ್ತಿಸಿ! ಆ ಊದುಬತ್ತಿ ಆರ್ಸಿ, ಹುಳಕ್ಕೆ ಹೊಗೆ ಆಗಲ್ಲ!”

ಹುಳ, ಚಂದ್ರಿಕೆ ಎಲ್ಲಾ ಇಲ್ಲಿಗೇ ತನ್ನಿ ಎಂದು ಮೈಕು ಕಿತ್ತುಕೊಂಡು ತಾನೇ ಕೂಗಿದಳು. ಮನೆಯೊಳಗೆ ಇಕ್ಕಟ್ಟಿನಲ್ಲಿ ಒದ್ದಾಡುತ್ತಿದ್ದವರಿಗೆ ಅಷ್ಟೇ ಸಾಕಾಯಿತು. ಒಂದು ಚಂದ್ರಿಕೆ ಬಂತು, ಹಿಂದೆಯೇ ಹತ್ತು ಬಂದವು. ತಟ್ಟೆ, ಮೊರ, ಬುಟ್ಟಿಗಳಲ್ಲಿ ಹುಳು ತುಂಬಿಕೊಂಡು ಬೀದಿಗೆ ಬೀದಿಯೇ ಓಡಿ ಬಂತು! ನೋಡನೋಡುತ್ತ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾಮಿನಿ ಸೆರಗು ಸಿಕ್ಕಿಸಿ ನಡುವೆ ಓಡಾಡುತ್ತಿದ್ದಳು. “ಒತ್ತಾಗಿ ಬಿಡಬೇಡ್ರೇ, ಜೋಡಿಗೂಡು ಕಟ್ತವೆ, ಬೆಲೆ ಸಿಗಲ್ಲ!”

ನರಸಿಂಹಪ್ಪ ಅವಳನ್ನು ಅಟ್ಟಿಸಿಕೊಂಡು ಹೋಗಿ, ಚಂದ್ರಿಕೆಗಳ ನಡುವೆಯೇ ಶಾಲು ಹೊದಿಸಿದ. “ನಮ್ಮ ಅಧ್ಯಕ್ಷರಿಗೆ ಜೋರಾಗಿ ಚಪ್ಪಾಳೆ!”

ಒಂದು ಚಪ್ಪಾಳೆಯೂ ಕೇಳಲಿಲ್ಲ. ಎಲ್ಲರ ಕೈತುಂಬ ಹುಳು. ಜನ ತಮ್ಮ ಕೈ ನೋಡಿಕೊಂಡರು, ಒಬ್ಬರನ್ನೊಬ್ಬರು ನೋಡಿದರು. ನಗು ಉಕ್ಕಿತು. ಅಂದು ನಕ್ಕಿದ್ದ ಊರೇ ಅದು, ಆದರೆ ನಗು ಬೇರೆ.

“ವೆಂಕಟಕ್ಕಾ,” ಎಂದು ಯಾರೋ ಕೂಗಿದರು, “ನಿನ್ನ ಕೈ ಖಾಲಿ ಐತಲ್ಲ, ನಮ್ದೂ ಸೇರ್ಸಿ ನೀನೇ ತಟ್ಟು!”

ಚಿಕ್ಕವೆಂಕಟಮ್ಮ ಕಣ್ಣೊರೆಸಿಕೊಂಡು ವೇದಿಕೆ ಹತ್ತಿದಳು. ಇಡೀ ಊರಿನ ಪರವಾಗಿ, ಅಂಗೈ ಉರಿಯುವ ತನಕ ತಟ್ಟಿದಳು.