ಚಿನ್ನದ ಜೋಡಿ

ಆಫೀಸಿನಲ್ಲಿ ಅವಳನ್ನು ಎಲ್ಲರೂ ದಲ್ಲಾಳಿ ಎಂದೇ ಕರೆಯುತ್ತಿದ್ದರು. ಮದುವೆ ದಲ್ಲಾಳಿ. ಮನೆಬಳಕೆಯ ಸಾಮಾನು ಮಾರುವ ಆನ್‌ಲೈನ್ ಅಂಗಡಿಯದು, ಅಲ್ಲಿ ಯಾವ ವಸ್ತುವಿಗೆ ಯಾವುದನ್ನು ಗಂಟು ಹಾಕಬೇಕೆಂದು ನೋಡುವುದು ಅವಳ ಕೆಲಸ. ಬಣ್ಣದ ಡಬ್ಬ ಕೊಳ್ಳಲು ಬಂದವರಿಗೆ ಕೆಳಗೆ ಒಂದು ಚೌಕದಲ್ಲಿ ‘ಇದರ ಜೊತೆ ಇದನ್ನೂ ಕೊಳ್ಳಿ’ ಎಂದು ಬ್ರಷ್ ತೋರಿಸಬೇಕು. ಒಂದು ಲೀಟರ್ ಕೇಳಿದವರ ಮುಂದೆ ನಾಲ್ಕು ಲೀಟರಿನ ಡಬ್ಬ ಹಿಡಿದು ‘ಇದರಲ್ಲೇ ಲಾಭ’ ಎನ್ನಬೇಕು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ತಾನು ಒಂದೂ ಸುಳ್ಳು ಹೇಳದೆ ದಿನಕ್ಕೆ ನೂರು ಮದುವೆ ಮಾಡಿಸುತ್ತೇನೆಂದು ಅವಳು ಬೀಗುತ್ತಿದ್ದಳು.

ಬೀಗುವುದಕ್ಕೆ ಕಾರಣವೂ ಇತ್ತೆನ್ನಿ. ಅವಳಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ಪುಣ್ಯಾತ್ಮ, ಚೌಕ ಕಂಡ ನೂರು ಜನರಲ್ಲಿ ಇಪ್ಪತ್ಮೂರು ಜನ ಎರಡನೆಯ ವಸ್ತು ಕೊಂಡರೆ ಆ ಇಪ್ಪತ್ಮೂರನ್ನೂ ತನ್ನ ಸಾಧನೆಯೆಂದು ಬರೆದುಕೊಳ್ಳುತ್ತಿದ್ದ. ಬಣ್ಣ ಕೊಳ್ಳುವವನು ಯಾರು ಹೇಳಲಿ ಬಿಡಲಿ, ಬ್ರಷ್ ಕೊಂಡೇ ಕೊಳ್ಳುತ್ತಾನೆ. ತನ್ನ ಕೋಳಿ ಕೂಗಿದ್ದರಿಂದಲೇ ಬೆಳಗಾಯಿತು ಎಂದ ಮುದುಕಿಗೂ ಅವನಿಗೂ ವ್ಯತ್ಯಾಸವಿರಲಿಲ್ಲ. ಇವಳು ಬಂದವಳೇ ಗಿರಾಕಿಗಳನ್ನು ಎರಡು ಪಾಲು ಮಾಡಿದಳು. ಗಿರಾಕಿಯ ನಂಬರಿನ ಕೊನೆಯ ಅಂಕಿ ಬೆಸವಾದರೆ ಚೌಕ ಕಾಣಿಸುತ್ತದೆ, ಸಮವಾದರೆ ಇಲ್ಲ. ಆರು ವಾರ ಹಾಗೇ ನಡೆಸಿದಳು. ಕಂಡವರಲ್ಲಿ ನೂರಕ್ಕೆ ಇಪ್ಪತ್ಮೂರು ಜನ ಎರಡನೆಯದನ್ನು ಕೊಂಡರು, ಕಾಣದವರಲ್ಲಿ ಹದಿನಾಲ್ಕು ಜನ. ಕಳೆದರೆ ಒಂಬತ್ತು. ಈ ಒಂಬತ್ತು ಮಾತ್ರ ಚೌಕದ ದುಡಿಮೆ, ಮಿಕ್ಕಿದ್ದು ಗಿರಾಕಿಯ ಸ್ವಂತ ಬುದ್ಧಿ ಎಂದು ಅವಳು ಎಲ್ಲರಿಗೂ ಪಾಠ ಮಾಡಿದ್ದೇ ಮಾಡಿದ್ದು.

ಯಜಮಾನರು ಎಳೆದಿದ್ದ ಗೆರೆ ಎಂಟು. ಎಂಟು ದಾಟಿದರೆ ಚೌಕ ಎಲ್ಲ ಗಿರಾಕಿಗಳಿಗೂ ತೆರೆಯುತ್ತದೆ, ಅವಳ ಕೆಲಸ ಖಾಯಂ ಆಗುತ್ತದೆ. ದಾಟದಿದ್ದರೆ ತಿಂಗಳ ಕೊನೆಗೆ ಒಪ್ಪಂದ ಮುಗಿಯುತ್ತದೆ, ಅಲ್ಲಿಗೆ ದೊಡ್ಡ ನಮಸ್ಕಾರ. ಲೆಕ್ಕ ಒಪ್ಪಿಸುವ ಮೀಟಿಂಗು ಆರು ವಾರ ಮುಗಿದ ಮರುದಿನ ಹನ್ನೆರಡು ಗಂಟೆಗೆ ಇತ್ತು.

ಹಿಂದಿನ ಸಂಜೆ ಮ್ಯಾನೇಜರು ಅವಳ ಮೇಜಿನ ಅಂಚಿಗೆ ಒರಗಿ, “ಒಂಬತ್ತು ಬಂದಾಯ್ತಲ್ಲ ದಲ್ಲಾಳಿ, ಇನ್ನೇನು? ಬೆಳಗ್ಗೇನೇ ಚೌಕ ಎಲ್ಲರಿಗೂ ತೆರೆದುಬಿಡು. ಯಜಮಾನರು ಬಂದು ಕೂತಾಗ ಪರದೆ ಮೇಲೆ ಆರ್ಡರು ಬೀಳ್ತಾ ಇರ್ಲಿ, ಖುಷಿಯಾಗ್ತಾರೆ,” ಎಂದಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಕೆಲಸ. ಆದರೂ ಅವಳು ಎಂಟು ಗಂಟೆಗೇ ಬಂದು, ಚೀಲವನ್ನೂ ಕೆಳಗಿಡದೆ, ಗುಂಡಿ ಒತ್ತಿದಳು. ಸಮ ಬೆಸದ ಬೇಲಿ ಬಿದ್ದುಹೋಯಿತು. ಆ ಗಳಿಗೆಯಿಂದ ಚೌಕ ಎಲ್ಲರಿಗೂ ಕಾಣತೊಡಗಿತು.

ಹನ್ನೊಂದೂ ಇಪ್ಪತ್ತಕ್ಕೆ ಅವಳು ಕೊನೆಯ ಸ್ಲೈಡು ಮಾಡುತ್ತಿದ್ದಳು. ಅತಿ ಹೆಚ್ಚು ಓಡಿದ ಐದು ಜೋಡಿಗಳು, ಗ್ರಾಫಿನಲ್ಲಿ ಐದು ಕಂಬಗಳು. ಎಲ್ಲಕ್ಕಿಂತ ಎತ್ತರದ ಕಂಬ 4417 ಮತ್ತು 2093ರದು. ಆರು ವಾರದಿಂದ ಅವಳು ಅದನ್ನು ಚಿನ್ನದ ಜೋಡಿ ಎಂದು ಕರೆಯುತ್ತಿದ್ದಳು. ಹಳೆಯ ಆರ್ಡರುಗಳನ್ನೆಲ್ಲ ಜಾಲಾಡಿ ಕಂಪ್ಯೂಟರು ತಾನೇ ಕೂಡಿಸಿಕೊಟ್ಟ ಜೋಡಿಯದು. ವಸ್ತುಗಳ ಹೆಸರಿರುವ ಕಾಲಂ ಅವಳ ಪಟ್ಟಿಯಲ್ಲೂ ಇತ್ತು. ಆದರೆ ಹೆಸರುಗಳು ಮಾರುದ್ದ, ಪಟ್ಟಿ ಪರದೆಯಲ್ಲಿ ಹಿಡಿಸುತ್ತಿರಲಿಲ್ಲ. ಅದಕ್ಕೆ ಮೊದಲ ದಿನವೇ ಆ ಕಾಲಂ ಮಡಚಿಟ್ಟಿದ್ದಳು. ನಂಬರಿದ್ದರೆ ಸಾಕು, ಲೆಕ್ಕಕ್ಕೆ ಹೆಸರೇಕೆ? ಗಂಡು ಹೆಣ್ಣಿನ ಮುಖ ನೋಡದೆ ನಾನೂರು ಜೋಡಿ ಕೂಡಿಸಿದ ದಲ್ಲಾಳಿ ಲೋಕದಲ್ಲಿ ಇವಳೊಬ್ಬಳೇ ಇರಬೇಕು.

ಯಜಮಾನರಿಗೆ ನಂಬರು ತೋರಿಸಿದರೆ ಅರ್ಥವಾಗುವುದಿಲ್ಲವಲ್ಲ, ಹೆಸರು ಬೇಕಲ್ಲ ಎಂದು ಅವಳು ಆ ಕಾಲಂ ಬಿಡಿಸಿದಳು.

4417, ಟಾಯ್ಲೆಟ್ ತೊಳೆಯುವ ಆಸಿಡ್, ಒಂದು ಲೀಟರ್. 2093, ಬ್ಲೀಚ್, ಒಂದು ಲೀಟರ್.

ಅವಳು ಎರಡು ಸಲ ಓದಿದಳು. ಇವೆರಡೂ ಬೆರೆತರೆ ವಿಷದ ಗಾಳಿ ಏಳುತ್ತದೆ. ಅವಳ ಅಮ್ಮ ಒಂದನ್ನು ಬಚ್ಚಲಲ್ಲೂ ಇನ್ನೊಂದನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರವೂ ಇಡುತ್ತಿದ್ದರು, ಒಂದೇ ಗೂಡಿನಲ್ಲಿ ಇಡಲು ಬಿಡುತ್ತಿರಲಿಲ್ಲ. ಬಾಟಲಿಯ ಬೆನ್ನ ಮೇಲೂ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿರುತ್ತದೆ, ಯಾರು ಓದುತ್ತಾರೆ? ಕೊಂಡವರೆಲ್ಲ ಬೆರೆಸುತ್ತಾರೆಂದೇನೂ ಇಲ್ಲ. ಆದರೆ ಅಂಗಡಿಯೇ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ‘ಇದರ ಜೊತೆ ಇದು’ ಎಂದರೆ ಬೆರೆಸಬಾರದೆಂದು ಯಾರಿಗೆ ಹೊಳೆಯಬೇಕು? ಆ ದಿನ ಬೆಳಗಿನದೂ ಸೇರಿ ಮುನ್ನೂರ ಹನ್ನೆರಡು ಮನೆಗೆ ಆ ಜೋಡಿ ಹೋಗಿತ್ತು.

ಎದ್ದು ಹೋಗಿ ಹೇಳಬೇಕಿತ್ತು. ಎದ್ದಳು ಕೂಡ. ಆದರೆ ಅವಳ ತಲೆ ಅವಳಿಗಿಂತ ಮುಂಚೆ ಲೆಕ್ಕ ಹಾಕಿಬಿಟ್ಟಿತ್ತು. ಆ ಜೋಡಿ ತೆಗೆದರೆ ಒಂಬತ್ತು ಹೋಗಿ ಏಳಾಗುತ್ತದೆ. ಏಳೆಂದರೆ ಗೆರೆಯ ಕೆಳಗೆ. ಕೈಗೆ ಬಂದ ತುತ್ತು ಬಾಯಿಗೆ ಬಾರದು. ಮೀಟಿಂಗು ಒಂದು ಮುಗಿಯಲಿ, ಮುಗಿದ ತಕ್ಷಣ ಹೇಳಿದರಾಯಿತು, ಆರು ವಾರ ಆಗದೇ ಇದ್ದದ್ದು ಈ ಒಂದು ಗಂಟೆಯಲ್ಲಿ ಆಗಿಬಿಡುತ್ತದೆಯೇ ಎಂದುಕೊಂಡಳು. ಕೂತಳು. ಕಾಲಂ ಮತ್ತೆ ಮಡಚಿದಳು. ಎತ್ತರದ ಕಂಬ ಕೆಂಪಗಿತ್ತು, ಕಣ್ಣಿಗೆ ರಾಚುತ್ತಿತ್ತು. ಅದನ್ನು ಎಲೆಹಸಿರು ಮಾಡಿದಳು. ತೆಳುವಾಯಿತೆನಿಸಿ ಕಡುಹಸಿರು ಮಾಡಿದಳು.

ಹನ್ನೊಂದೂ ಮೂವತ್ತೆರಡಕ್ಕೆ ಫೋನು ಮಿನುಗಿತು. ಅಕ್ಕನ ವಾಯ್ಸ್ ಮೆಸೇಜು. ಅಕ್ಕ ಬಾಡಿಗೆ ಮನೆ ಖಾಲಿ ಮಾಡುತ್ತಿದ್ದಳು, ಮರುದಿನ ಬೀಗದ ಕೈ ಒಪ್ಪಿಸಬೇಕಿತ್ತು. ಚಿಕ್ಕಂದಿನಿಂದ ಉಬ್ಬಸದವಳು, ಧೂಳು ಕಂಡರೆ ಎದೆ ಹಿಡಿದುಕೊಳ್ಳುವವಳು, ಆದರೂ ಮನೆ ತೊಳೆಯುವ ಕೆಲಸ ಬೇರೆಯವರಿಗೆ ಬಿಟ್ಟುಕೊಡುವವಳಲ್ಲ.

“ಏ, ಕೇಳೇ ಇಲ್ಲಿ. ಬೆಳಗ್ಗೆ ನಿಮ್ಮ ಅಂಗಡಿಯಿಂದಾನೇ ತರಿಸ್ದೆ, ಬಂತು. ನಾನು ಕೇಳಿದ್ದು ಆಸಿಡ್ ಒಂದೇ. ಕೆಳಗಡೆ ಬ್ಲೀಚೂ ತಗೊಳ್ಳಿ ಅಂತ ಬಂತು ನೋಡು, ನಮ್ಮ ದಲ್ಲಾಳಿ ಕೂಡಿಸಿರೋ ಜೋಡಿ, ಬಿಡೋದುಂಟಾ ಅಂತ ತಗೊಂಡೆ. ಅಮ್ಮ ಒಟ್ಟಿಗೆ ಇಡೋಕೂ ಬಿಡ್ತಿರ್ಲಿಲ್ಲ, ಅಂಗಡಿಯೋರೇ ಜೋಡಿ ಅಂದ್ಮೇಲೆ ಇನ್ನೇನು, ಬಚ್ಚಲಿಗೆ ಎರಡೂ ಸುರೀತಿದೀನಿ ಈಗ. ಓನರಮ್ಮ ನೆಲದಲ್ಲಿ ಮುಖ ನೋಡ್ಕೋಬೇಕು, ಹಾಗೆ ತಿಕ್ತೀನಿ. ಕೈ ಒದ್ದೆ, ಆಮೇಲೆ ಮಾಡ್ತೀನಿ.”

ಅವಳು ಫೋನ್ ಮಾಡಿದಳು. ರಿಂಗಾಯಿತು, ನಿಂತಿತು. ಮತ್ತೆ ಮಾಡಿದಳು. ಅಕ್ಕ ಕೆಲಸಕ್ಕೆ ಇಳಿದರೆ ಫೋನನ್ನು ನಡುಮನೆಯ ಕಿಟಕಿಯಲ್ಲಿಟ್ಟು ಮರೆತೇಬಿಡುತ್ತಾಳೆ. ಭಾವ ದೂರದ ಕೆಲಸದ ಜಾಗದಲ್ಲಿ, ಹೊರಟರೂ ಎರಡು ಗಂಟೆಯ ದಾರಿ. ಅವಳು ಅಕ್ಕನ ಆರ್ಡರು ತೆಗೆದಳು. ಗಿರಾಕಿ ನಂಬರಿನ ಕೊನೆಯ ಅಂಕಿ ಆರು. ಸಮ. ನಿನ್ನೆಯಾಗಿದ್ದರೆ ಅಕ್ಕನಿಗೆ ಆ ಚೌಕ ಕಾಣುತ್ತಲೇ ಇರಲಿಲ್ಲ. ಆರ್ಡರು ಬಂದದ್ದು ಎಂಟೂ ಐವತ್ತೆರಡಕ್ಕೆ, ಅವಳು ಗುಂಡಿ ಒತ್ತಿದ ಐವತ್ತೆರಡು ನಿಮಿಷಕ್ಕೆ. ತಲುಪಿಸಿದ್ದು ಹನ್ನೊಂದೂ ಐದಕ್ಕೆ. ಅದರ ಕೆಳಗೆ, ಸಾಮಾನು ತಲುಪಿಸಿದವನ ಫೋನ್ ನಂಬರು.

ಅವನು ಮೊದಲ ರಿಂಗಿಗೇ ಎತ್ತಿದ.

“ಹನ್ನೊಂದೂ ಐದಕ್ಕೆ ಒಂದು ಮನೆಗೆ ಕೊಟ್ರಲ್ಲ, ಎರಡನೇ ಮಹಡಿ, ಆಸಿಡ್ಡು, ಬ್ಲೀಚು. ಈಗ ಎಲ್ಲಿದೀರಿ?”

“ಮೆಟ್ಟಿಲ ಕೆಳಗೆ ಮುರುಕು ಸೈಕಲ್ ನಿಂತಿರೋ ಮನೇನಾ? ಇಲ್ಲೇ ಮೂರು ಬೀದಿ ಆಚೆ ಇದೀನಿ ಮೇಡಂ. ಯಾಕೆ, ತಪ್ಪು ಸಾಮಾನು ಕೊಟ್ನಾ? ನನ್ನ ಮೇಲೆ ಬರುತ್ತಾ?”

“ತಪ್ಪು ಸಾಮಾನು ಕೊಟ್ಟಿದ್ದು ನಾನು. ವಾಪಸ್ ಓಡಿ ಅಣ್ಣ. ಒಳಗೆ ನಮ್ಮಕ್ಕ ಎರಡನ್ನೂ ಬೆರೆಸಿದಾಳೆ, ಅದು ವಿಷ. ಬಾಗಿಲು ತೆಗೀದಿದ್ರೆ ಒಡೀರಿ, ಅವಳನ್ನ ಹೊರಗೆ ಎಳ್ಕೊಂಡು ಬನ್ನಿ. ಮೂಗಿಗೆ ಬಟ್ಟೆ ಕಟ್ಕೊಳ್ಳಿ. ಫೋನ್ ಮಾತ್ರ ಕಟ್ ಮಾಡ್ಬೇಡಿ.”

“ಇನ್ನೂ ಹದಿನಾರು ಮನೆ ಇದೆ ಮೇಡಂ...” ಎಂದ ಅವನು. ಅಷ್ಟರಲ್ಲೇ ಅವನ ಗಾಡಿ ತಿರುಗಿದ ಸದ್ದು ಕೇಳಿಸಿತು.

ಇನ್ನೊಂದು ಕೈಯಲ್ಲಿ ಅವಳು ಆಫೀಸಿನ ಮೇಜಿನ ಫೋನೆತ್ತಿ ಆಂಬುಲೆನ್ಸಿಗೆ ವಿಳಾಸ ಹೇಳಿದಳು. ಅದನ್ನಿಟ್ಟು ಗುಂಡಿ ಒತ್ತಿದಳು. ಅಂಗಡಿಯ ಪುಟಗಳಿಂದ ಚೌಕಗಳೆಲ್ಲ ಒಟ್ಟಿಗೇ ಮಾಯವಾದವು. ಮ್ಯಾನೇಜರು ಎದ್ದೆನೋ ಬಿದ್ದೆನೋ ಎಂದು ಬಂದರು. “ಯಜಮಾನರು ಬೇಗನೇ ಬಂದು ಕೂತಾಯ್ತು, ಪರದೆ ಖಾಲಿ ಹೊಡೀತಿದೆ! ಏನು ಮಾಡ್ದೆ ಮಾರಾಯ್ತಿ?” ಅವಳು ಫೋನು ಕಿವಿಗೊತ್ತಿಕೊಂಡೇ ಮೀಟಿಂಗಿನ ಕೋಣೆಗೆ ನಡೆದಳು.

ಯಜಮಾನರು ಉದ್ದನೆಯ ಮೇಜಿನ ತುದಿಯಲ್ಲಿ ಕನ್ನಡಕ ಒರೆಸುತ್ತ ಕೂತಿದ್ದರು. “ಫೋನ್ ಆಚೆ ಇಟ್ಟು ಬನ್ನಿ ಅಮ್ಮ,” ಎಂದರು.

“ಆಗಲ್ಲ ಸಾರ್.” ಅವಳು ಫೋನಿನ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. “ಒಂಬತ್ತಲ್ಲ ಸಾರ್, ಏಳು. ನಮ್ಮ ಚಿನ್ನದ ಜೋಡಿ ಅಂತಿದ್ದೆನಲ್ಲ, ಅದು ಆಸಿಡ್ಡು ಮತ್ತು ಬ್ಲೀಚು. ನಾನು ಹೆಸರೇ ನೋಡಿರ್ಲಿಲ್ಲ. ಮುನ್ನೂರ ಹನ್ನೆರಡು ಮನೆಗೆ ಕಳಿಸಿದೀವಿ. ಅದರಲ್ಲಿ ಒಂದು ನಮ್ಮಕ್ಕನ ಮನೆ.”

“ಸಾರ್, ಗಾಬರೀಲಿ ಏನೇನೋ ಹೇಳ್ತಿದಾಳೆ...” ಎಂದು ಮ್ಯಾನೇಜರು ಶುರು ಮಾಡಿದರು. ಯಜಮಾನರು ಕೈಯೆತ್ತಿದರು. ಫೋನಿನಲ್ಲಿ ಯಾರೋ ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದ ಸದ್ದು.

ಬಾಗಿಲು ಬಡಿದ ಸದ್ದು. ಉತ್ತರವಿಲ್ಲ. ಮತ್ತೆ ಬಡಿದ ಸದ್ದು.

“ಮೇಡಂ, ಬಾಗಿಲ ಸಂದಿಯಿಂದ ಘಾಟು ಬರ್ತಿದೆ.”

“ಒಡೀರಿ.”

ಕೋಣೆಯಲ್ಲಿದ್ದ ಏಳು ಜನ ಆ ಪುಟ್ಟ ಫೋನನ್ನೇ ನೋಡುತ್ತ ಕೂತರು. ಒಂದು ಏಟು. ಎರಡು. ಪಕ್ಕದ ಮನೆಯವರು ಯಾರೋ ಕೂಗಿಕೊಂಡು ಓಡಿಬಂದರು. ಮೂರನೆಯ ಏಟಿಗೆ ಚಿಲಕ ಕಿತ್ತು ಬಂತು. ಆಮೇಲೆ ಏನೂ ಕೇಳಿಸಲಿಲ್ಲ. ಅವಳು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ದೇವರೇ, ಕೆಲಸ ಹೋಗಲಿ, ನನ್ನ ಕೈಕಾಲು ಬೇಕಾದರೂ ಹೋಗಲಿ, ಅವಳನ್ನು ಉಳಿಸು ಎಂದು ಬೇಡಿಕೊಂಡಳು. ನಂಬಿಕೆಯಿದ್ದವಳಲ್ಲ, ಆದರೂ ಬೇಡಿಕೊಂಡಳು.

ಆಗ ಕೆಮ್ಮು ಕೇಳಿಸಿತು. ಕರುಳು ಕಿತ್ತು ಬರುವಂಥ ಕೆಮ್ಮು. ಚಿಕ್ಕಂದಿನಲ್ಲಿ ಪಕ್ಕದ ಹಾಸಿಗೆಯಿಂದ ಕೇಳಿ ಕೇಳಿ ಅವಳು ಕಿವಿ ಮುಚ್ಚಿಕೊಳ್ಳುತ್ತಿದ್ದ ಅದೇ ಕೆಮ್ಮು.

“ಹೊರಗೆ ತಂದ್ವಿ ಮೇಡಂ, ಮೆಟ್ಟಿಲ ಮೇಲೆ ಕೂರಿಸಿದೀವಿ. ಉಸಿರಾಡ್ತಿದಾರೆ. ಕಷ್ಟಪಡ್ತಿದಾರೆ, ಆದ್ರೆ ಆಡ್ತಿದಾರೆ.”

ಅವಳು ಕುರ್ಚಿ ಎಳೆದುಕೊಂಡು ಕೂತಳು. ಯಜಮಾನರು ಕನ್ನಡಕ ಹಾಕಿಕೊಂಡರು. “ಮುನ್ನೂರ ಹನ್ನೊಂದು ಮನೆ ಬಾಕಿ ಇದೆ. ಎಲ್ಲರೂ ಫೋನ್ ತಗೊಳ್ಳಿ, ನಂಗೂ ಒಂದು ಪಟ್ಟಿ ಕೊಡಿ,” ಎಂದರು. ಆಮೇಲೆ ಅವಳ ಕಡೆ ನೋಡದೆ, “ನೀವು ಅಕ್ಕನ ಹತ್ರ ಹೋಗಿ. ಕೆಲಸದ ಮಾತು ಇನ್ನೇನಿದೆ, ಏಳು ಅಂದ್ರೆ ಏಳೇ,” ಎಂದರು.

ಮೂರು ಗಂಟೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ಅಕ್ಕನ ಮುಖದ ಮಾಸ್ಕು ತೆಗೆದರು. ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು, ತುಟಿ ಒಣಗಿತ್ತು. ಎರಡು ದಿನ ಇರಬೇಕು, ಗಂಡಾಂತರ ಕಳೆಯಿತು ಎಂದು ಡಾಕ್ಟರು ಹೇಳಿ ಹೋದರು. ಮ್ಯಾನೇಜರಿಂದ ಮೆಸೇಜು ಬಂದಿತ್ತು: ಎಲ್ಲ ಮನೆಗೂ ಮಾತಾಡಾಯಿತು, ಬೆರೆಸಿದವರು ಏಳು ಮಂದಿ, ಕಣ್ಣುರಿ ಮತ್ತು ಕೆಮ್ಮು, ಅದಕ್ಕಿಂತ ಹೆಚ್ಚಿನದೇನೂ ಇಲ್ಲ. ಸಾಮಾನು ತಲುಪಿಸಿದವನು ಆಂಬುಲೆನ್ಸ್ ಹೊರಡುವವರೆಗೂ ನಿಂತಿದ್ದು, ಆಮೇಲೆ ಉಳಿದ ಹದಿನಾರು ಮನೆಗೆ ಹೋದನಂತೆ.

ಅವಳು ಅಕ್ಕನ ಕೈ ಹಿಡಿದುಕೊಂಡು ಕೂತಳು. ಅಕ್ಕ ಬಾಯಿ ತೆರೆದವಳೇ ಬೈದಳು. “ದರಿದ್ರದವಳೇ, ಜೋಡಿ ಕೂಡಿಸೋಕೆ ಬೇರೇನೂ ಸಿಗ್ಲಿಲ್ವಾ ನಿಂಗೆ?” ಎಂದು ನಕ್ಕಳು, ನಗು ಕೆಮ್ಮಾಯಿತು. ನೀರು ಕುಡಿದು ಸುಧಾರಿಸಿಕೊಂಡಳು. “ಸದ್ಯ, ನನ್ನ ಮೆಸೇಜು ಕೇಳಿದ ತಕ್ಷಣ ನಿಂಗೆ ಹೊಳೀತಲ್ಲ. ಇಲ್ದಿದ್ರೆ ಇವತ್ತು ನನ್ನ ಕಥೆ ಮುಗೀತಿತ್ತು.”

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಅಕ್ಕ ತಾನಾಗಿ ಬಾಗಿಲು ತೆರೆದು ಕೊಟ್ಟಿದ್ದಳು. ಆದರೆ ಆ ಕೆಂಪು ಕಣ್ಣು ನೋಡಿಕೊಂಡು ಸುಳ್ಳು ಅವಳ ಬಾಯಿಗೆ ಬರಲಿಲ್ಲ.

“ಮೆಸೇಜು ಕೇಳಿ ಅಲ್ಲ ಅಕ್ಕ. ಅದಕ್ಕಿಂತ ಮುಂಚೇನೇ ಗೊತ್ತಾಗಿತ್ತು. ಹನ್ನೊಂದೂ ಇಪ್ಪತ್ತಕ್ಕೆ.”

ಅಕ್ಕ ಹಿಡಿದ ಕೈ ಬಿಡಲಿಲ್ಲ, ಆದರೆ ಬೆರಳು ಸಡಿಲವಾದವು.

“ನಾನು ಮೆಸೇಜು ಮಾಡಿದ್ದು ಹನ್ನೊಂದೂವರೆ ಮೇಲೆ. ಆವಾಗ ಇನ್ನೂ ಸುರೀತಿದ್ದೆ,” ಎಂದಳು. “ಅಷ್ಟು ಹೊತ್ತು ಏನು ಮಾಡ್ತಿದ್ದೆ ನೀನು?”

ಅವಳು ತಲೆ ಬಗ್ಗಿಸಿದಳು.

“ಕಂಬಕ್ಕೆ ಬಣ್ಣ ಬದಲಾಯಿಸ್ತಿದ್ದೆ ಅಕ್ಕ. ಹಸಿರು ಹಾಕ್ತಿದ್ದೆ.”